ಮೈನಸ್ ಹತ್ತರ ಚೀಲದೊಳಗೆ ನಡುಗಿದ್ದು

ನಮ್ಮ ಬದಿಯಡ್ಕದ ಕಡೆ ಧನು ತಿಂಗಳಲ್ಲಿ ಬೆಳಗ್ಗೆ 20 ಡಿಗ್ರಿಗೆ ಇಳಿದರೆ ಸಾಕು, ಎಲ್ಲರೂ ಮುಂಡಾಸು ಸುತ್ತಿಕೊಂಡು "ಎಂಥ ಚಳಿ ಮಾರಾಯ್ರೇ" ಅನ್ನುತ್ತಾರೆ. ಇಂಥ ಊರಿನವ ಸ್ಲೀಪಿಂಗ್ ಬ್ಯಾಗ್, ಅಂದರೆ ಚಳಿಯಲ್ಲಿ ಒಳಗೆ ಹೊಕ್ಕು ಮಲಗುವ ಚೀಲದ ಬಗ್ಗೆ ಬರೆಯುವುದು ತಮಾಷೆಯೇ. ಆದರೆ ತಪ್ಪು ಚೀಲ ತಕೊಂಡು ಉತ್ತರಾಖಂಡದ ಕೇದಾರಕಂಠ ಶಿಖರಕ್ಕೆ ಚಾರಣ ಹೋಗಿ ಅನುಭವಿಸಿದವ ನಾನು.

ಹೊರಡುವ ಮೊದಲು "ಎರಡು ಕಂಬಳಿ ಕೊಂಡುಹೋದರೆ ಸಾಲದಾ ಮಗಾ?" ಅಂತ ಅಮ್ಮ ಕೇಳಿದ್ದರು. ನಾನು ನಕ್ಕಿದ್ದೆ. ಆನ್‌ಲೈನಿನಲ್ಲಿ ತರಿಸಿದ ಚೀಲದ ಮೇಲೆ ದೊಡ್ಡದಾಗಿ -10 ಅಂತ ಇತ್ತಲ್ವಾ! ಚಾವಡಿಯಲ್ಲಿ ಹಾಸಿ, ಫ್ಯಾನ್ ಹಾಕಿಕೊಂಡು ಮಲಗಿ ನೋಡಿದ್ದೆ, ಐದೇ ನಿಮಿಷಕ್ಕೆ ಬೆವರಿ ಹೊರಗೆ ಬಂದೆ. ಬಂದರಿನ ಐಸ್ ಪ್ಲಾಂಟಿನಲ್ಲಿ ಮಲಗಿ ನೋಡಬೇಕಿತ್ತು ಅಂತ ಗೆಳೆಯ ಆಮೇಲೆ ಹೇಳಿದ.

ಕಾಸರಗೋಡಿನಿಂದ ಮಂಗಳಾ ಎಕ್ಸ್‌ಪ್ರೆಸ್ಸಿನಲ್ಲಿ ದೆಹಲಿ, ಅಲ್ಲಿಂದ ಡೆಹ್ರಾಡೂನ್, ಮತ್ತೆ ಬೆಟ್ಟದ ದಾರಿಯಲ್ಲಿ ಚಾರಣ ಶುರುವಾಗುವ ಸಾಂಕ್ರಿ. ಶಿಖರ ಸುಮಾರು 12,500 ಅಡಿ. ಡಿಸೆಂಬರ್ ಕೊನೆ, ಹಿಮದ ಮೇಲೆ ಟೆಂಟ್. ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ತಲೆ ಹತ್ತಿರ ಇಟ್ಟಿದ್ದ ಬಾಟಲಿಯ ನೀರು ಕಲ್ಲಾಗಿತ್ತು. ನಮ್ಮ ಉಸಿರೇ ಟೆಂಟಿನ ಒಳಮೈಗೆ ಬಿಳಿ ಪುಡಿಯಾಗಿ ಅಂಟಿಕೊಂಡು, ಪಕ್ಕದವ ಮಗ್ಗುಲು ಬದಲಿಸಿದಾಗೆಲ್ಲ ಮುಖಕ್ಕೆ ಉದುರುತ್ತಿತ್ತು.

ಬೆಳಿಗ್ಗೆ ಚೀಲದ ಒಳಗಿನ ಸಣ್ಣ ಲೇಬಲ್ ಓದಿದೆ. ಕಂಫರ್ಟ್ 8, ಲಿಮಿಟ್ 4, ಎಕ್ಸ್‌ಟ್ರೀಮ್ -10. ಐಎಸ್‌ಒ 23537 ಎಂಬ ಮಾನದಂಡದ ಪ್ರಕಾರ ಪರೀಕ್ಷೆ ಮಾಡಿದ ಚೀಲಗಳಲ್ಲಿ ಹೀಗೆ ಮೂರು ಅಂಕೆ ಇರುತ್ತವೆ. ಕಂಫರ್ಟ್ ಅಂದರೆ ಸಾಮಾನ್ಯ ಹೆಂಗಸೊಬ್ಬಳು ಆರಾಮವಾಗಿ ನಿದ್ದೆ ಮಾಡಬಹುದಾದ ಚಳಿ. ಲಿಮಿಟ್ ಅಂದರೆ ಗಂಡಸು ಮುದುಡಿಕೊಂಡು ಹೇಗೋ ರಾತ್ರಿ ಕಳೆಯುವಷ್ಟು. ಎಕ್ಸ್‌ಟ್ರೀಮ್‌ನಲ್ಲಿ ನಿದ್ದೆಯ ಮಾತೇ ಇಲ್ಲ, ಜೀವ ಉಳಿದರೆ ಸಾಕು ಅನ್ನುವ ಲೆಕ್ಕ. ಮಾರುವವರು ಹೊರಗೆ ದಪ್ಪಕ್ಷರದಲ್ಲಿ ಹಾಕಿದ್ದು ಅದನ್ನೇ. ಈಗ ನಾನು ಕಂಫರ್ಟ್ ಒಂದನ್ನೇ ನೋಡುವುದು, ಅದೂ ಹೋಗುವ ಜಾಗದ ಚಳಿಗಿಂತ ಐದು ಡಿಗ್ರಿ ಕೆಳಗಿನದ್ದು.

ಆದರೆ ತಪ್ಪೆಲ್ಲ ಚೀಲದ್ದಲ್ಲ. ಬೂರುಗದ ಹತ್ತಿಯ ದಿಂಬು ಹೊಸತರಲ್ಲಿ ಉಬ್ಬಿರುತ್ತದೆ, ಹಳತಾದ ಮೇಲೆ ಹಪ್ಪಳ, ಅಲ್ವಾ? ಬೆಚ್ಚಗಿಡುವುದು ಆ ಉಬ್ಬಿನೊಳಗೆ ನಿಂತ ಗಾಳಿ. ಚೀಲದಲ್ಲಿ ಮಲಗಿದಾಗ ಬೆನ್ನಿನ ಕೆಳಗಿನ ಭಾಗ ನಮ್ಮದೇ ಭಾರಕ್ಕೆ ಅಪ್ಪಚ್ಚಿಯಾಗುತ್ತದೆ, ಗಾಳಿ ಹೋಗುತ್ತದೆ, ಹಿಮ ನೇರವಾಗಿ ಸೊಂಟದಿಂದ ಶಾಖ ಎಳೆಯುತ್ತದೆ. ನನ್ನ ಹತ್ತಿರ ಇದ್ದದ್ದು ಯೋಗದ ಮ್ಯಾಟ್! ಹಿಮಕ್ಕೆ ಆರ್-ವ್ಯಾಲ್ಯೂ, ಅಂದರೆ ಶಾಖ ಹೋಗದಂತೆ ತಡೆಯುವ ಶಕ್ತಿಯ ಅಂಕೆ, 5ರ ಆಸುಪಾಸಿನ ಮ್ಯಾಟ್ ಬೇಕು. ಒಂದರ ಮೇಲೊಂದು ಎರಡು ಹಾಸಿದರೆ ಅಂಕೆಗಳನ್ನು ಕೂಡಿಸಬಹುದು. ದುಡ್ಡು ಕಡಿಮೆ ಇದ್ದರೆ ಮೊದಲು ಮ್ಯಾಟ್ ತಕೊಳ್ಳಿ, ಚೀಲ ಬಾಡಿಗೆಗೂ ಸಿಗುತ್ತದೆ.

ಎರಡನೇ ಸಲ ಡೌನ್ ಚೀಲ ತಕೊಂಡೆ, ಅಂದರೆ ಬಾತುಕೋಳಿಯ ಎದೆಯ ನಯವಾದ ತುಪ್ಪಳದ್ದು. ಹಗುರ, ಬೆಚ್ಚಗೆ, ಆದರೆ ಒದ್ದೆಯಾದರೆ ಮುದ್ದೆ. ಸಿಂಥೆಟಿಕ್ ಒದ್ದೆಯಾದರೂ ಸ್ವಲ್ಪ ಶಾಖ ಹಿಡಿಯುತ್ತದೆ, ಭಾರ ಜಾಸ್ತಿ. ಚೀಲದಲ್ಲೇ ತಲೆಗೆ ಟೊಪ್ಪಿ, ಕುತ್ತಿಗೆಗೆ ಕಾಲರ್, ಜಿಪ್ಪಿನ ಉದ್ದಕ್ಕೂ ಒಳಗೊಂದು ಪಟ್ಟಿ ಇರಬೇಕು. ತುಂಬಾ ದೊಗಲೆ ಬೇಡ, ಖಾಲಿ ಜಾಗವನ್ನೂ ನಮ್ಮ ಮೈಯೇ ಬಿಸಿ ಮಾಡಬೇಕಲ್ಲ. ಮತ್ತೆ ಮುಖ ಒಳಗೆ ಹಾಕಿ ಉಸಿರಾಡಬೇಡಿ, ತೇವ ಏರುತ್ತದೆ.

ನಮ್ಮ ಊರಿನಲ್ಲಿ ಕಷ್ಟ ಇರುವುದು ಚೀಲ ಇಡುವುದರಲ್ಲಿ. ಬಿಗಿದು ಕಟ್ಟಿಟ್ಟರೆ ಉಬ್ಬು ಸಾಯುತ್ತದೆ, ಸಡಿಲ ಬಿಟ್ಟರೆ ಆಟಿಯ ಮಳೆಗೆ ಬೂಷ್ಟು. ಹಳೇ ಬೆಡ್‌ಶೀಟಿನ ದೊಡ್ಡ ಚೀಲ ಹೊಲಿದು ಅದರೊಳಗೆ ಇಟ್ಟಿದ್ದೆ. ಅಮ್ಮ ಅದನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸಿಬಿಟ್ಟರು. ಬೂಷ್ಟು ಬರಲಿಲ್ಲ. ಹೊಗೆಯ ವಾಸನೆ ಮಾತ್ರ ಇನ್ನೂ ಹೋಗಿಲ್ಲ.