ಕಾಗದ ಅವರದು, ಮಾತು ಮೇಷ್ಟ್ರದು

ಆ ಭಾನುವಾರ ಬೆಳಿಗ್ಗೆ ನಮ್ಮ ಅಂಚೆಚೀಟಿ ಸಂಗ್ರಾಹಕರ ವಾಟ್ಸ್‌ಆ್ಯಪ್ ಗುಂಪಿಗೆ ಬಂದ ಚಿತ್ರದಲ್ಲಿ ಅಂಚೆಚೀಟಿಯೂ ಇರಲಿಲ್ಲ, ಲಕೋಟೆಯೂ ಇರಲಿಲ್ಲ. ಇಬ್ಬರು ಸಂಗ್ರಾಹಕರು ತಮ್ಮತಮ್ಮಲ್ಲೇ ಆಡಿಕೊಂಡ ಮಾತಿನ ಸ್ಕ್ರೀನ್‌ಶಾಟ್ ಅದು. ಮೇಲುಗಡೆ ಮೇಷ್ಟ್ರ ಹೆಸರು, ಅವರ ಪುಟ್ಟ ಫೋಟೊ ಹಾಗೆಯೇ ಇದ್ದವು. ಚಿತ್ರ ಹಾಕಿದವರು ಕೆಳಗೆ ಒಂದು ಸಾಲು ಸೇರಿಸಿದ್ದರು: ಈಗಿನ ಮಾರುಕಟ್ಟೆ ಬೆಲೆ ಇದು, ಹೆಚ್ಚು ಹೇಳುವವರು ಗಮನಿಸಬೇಕು.

ಮೇಷ್ಟ್ರು ಬರೆದ ಮಾತುಗಳನ್ನು ನಾನು ಇಲ್ಲಿ ಕೊಡುವುದಿಲ್ಲ. ಸಾರವನ್ನಷ್ಟೇ ಹೇಳುತ್ತೇನೆ, ಅದೂ ಅವರು ಈ ಬರಹವನ್ನು ಓದಿ ಒಪ್ಪಿದ ಮೇಲೆ. ಪತ್ನಿಯ ಶಸ್ತ್ರಚಿಕಿತ್ಸೆಗೆ ಹಣ ಹೊಂದಿಸಬೇಕಾಗಿದೆ. ಮುಂದಿನ ವಾರವೆಲ್ಲ ಗಂಡಹೆಂಡತಿ ಇಬ್ಬರೂ ಬೆಂಗಳೂರಿನ ಆಸ್ಪತ್ರೆಯಲ್ಲಿರುತ್ತಾರೆ. ಮೈಸೂರು ಅಂಚೆಯ ಲಕೋಟೆಗಳನ್ನು ಕೊಟ್ಟುಬಿಡುವ ಯೋಚನೆಯಿದೆ, ಬೆಲೆಗೆ ಹಟ ಮಾಡುವುದಿಲ್ಲ. ವಿಷಯ ನಮ್ಮಿಬ್ಬರಲ್ಲೇ ಇರಲಿ. ಇಷ್ಟು. ಆ ಕೊನೆಯ ಕೋರಿಕೆಯೂ ಸ್ಕ್ರೀನ್‌ಶಾಟಿನಲ್ಲಿ ಸ್ಪಷ್ಟವಾಗಿ ಓದಲು ಸಿಗುತ್ತಿತ್ತು. ಅದನ್ನು ನೋಡಿದಾಗ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಮೈಸೂರು ಅಂಚೆಯ ಲಕೋಟೆ ಎಂದರೇನು ಎಂಬುದನ್ನು ಈ ಹವ್ಯಾಸದ ಹೊರಗಿನವರಿಗೆ ಹೇಳಬೇಕು. ಚಿಕ್ಕದೇವರಾಜ ಒಡೆಯರ ಕಾಲದಿಂದ ನಡೆದುಬಂದಿತೆನ್ನುವ ಸಂಸ್ಥಾನದ ಸ್ವಂತ ಅಂಚೆ ವ್ಯವಸ್ಥೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾಯಿತು. ಅದಕ್ಕೆ ಮುಂಚಿನ ಕಾಗದಗಳನ್ನು ಗುರುತಿಸುವುದು ಅವುಗಳ ಮೇಲೆ ಒತ್ತಿದ ಮುದ್ರೆಗಳಿಂದ. ಅಂಥವು ಸಿಗುವುದು ಅಪರೂಪ. ಸಿಕ್ಕರೂ ಮುದ್ರೆ ಅರ್ಧ ಮಾಸಿರುತ್ತದೆ, ಇಲ್ಲವೇ ಗೆದ್ದಲು ಮೂಲೆಯನ್ನು ತಿಂದಿರುತ್ತದೆ. ಮೇಷ್ಟ್ರು ಪ್ರೌಢಶಾಲೆಯ ಸಂಬಳದಲ್ಲಿ ಮನೆ ನಡೆಸುತ್ತಲೇ ಗುಜರಿ ಅಂಗಡಿಗಳಲ್ಲಿ, ಮನೆ ಖಾಲಿ ಮಾಡುವವರ ಹಳೆಯ ಪೆಟ್ಟಿಗೆಗಳಲ್ಲಿ ಹುಡುಕಿ ಹುಡುಕಿ ಅವನ್ನು ಕೂಡಿಸಿದವರು. ಠಸ್ಸೆಯ ಊರು ಯಾವುದು, ದಿನ ಯಾವುದು ಎಂದು ಭೂತಗನ್ನಡಿ ಹಿಡಿದು ಓದುವುದನ್ನು ನನಗೆ ಕಲಿಸಿದವರೂ ಅವರೇ. ಅಂಥವರು ಲಕೋಟೆಗಳನ್ನು ಕೊಡುತ್ತೇನೆ ಎಂದು ಬರೆದಿದ್ದರೆ ಅದರ ಹಿಂದೆ ಎಷ್ಟು ರಾತ್ರಿಗಳ ಯೋಚನೆಯಿರಬೇಕು!

ನಮ್ಮ ಹವ್ಯಾಸದಲ್ಲಿ ಒಬ್ಬರಿಗೊಬ್ಬರು ಗುಟ್ಟಾಗಿ ಬರೆದುಕೊಳ್ಳುವುದು ಬಹಳ. ಅದರಲ್ಲಿ ತಪ್ಪೇನೂ ಇಲ್ಲ. ಬೆಲೆ ಮಾತನಾಡುವುದು ಗುಟ್ಟಿನಲ್ಲಿ. ಯಾರ ಮನೆಯಲ್ಲಿ ಯಾವ ಬೆಲೆಬಾಳುವ ವಸ್ತುವಿದೆ ಎಂಬುದೂ ಗುಟ್ಟು, ಏಕೆಂದರೆ ಒಂದು ಕಪಾಟಿನೊಳಗೆ ಲಕ್ಷಗಟ್ಟಲೆ ಬೆಲೆಯ ಕಾಗದ ಕಾವಲಿಲ್ಲದೆ ಕುಳಿತಿರಬಹುದು. ‘ಈ ಮುದ್ರೆ ನನಗೇಕೋ ಹೊಸದೆನಿಸುತ್ತದೆ, ನೀವೊಮ್ಮೆ ನೋಡಿ’ ಎಂದು ನಕಲಿಯ ಅನುಮಾನವನ್ನು ತಿಳಿದವರ ಮುಂದಿಡುವುದೂ ಹಾಗೆಯೇ. ಅಂಥ ಅನುಮಾನ ನಾಲ್ಕು ಜನರ ಮುಂದೆ ಬಿದ್ದರೆ ಒಬ್ಬ ಪ್ರಾಮಾಣಿಕ ವ್ಯಾಪಾರಿಯ ಹೆಸರು ಕೆಡಬಹುದು. ಅದೇ ಭಯಕ್ಕೆ ಯಾರೂ ಬಾಯಿಬಿಡದಿದ್ದರೆ ನಕಲಿ ವಸ್ತು ಕೈಯಿಂದ ಕೈಗೆ ಸಾಗುತ್ತದೆ. ಇಬ್ಬರ ನಡುವೆ ನಂಬಿಕೆ ಇರುವವರೆಗೆ ಮಾತ್ರ ಸಂಗ್ರಾಹಕರು ಒಬ್ಬರಿಂದೊಬ್ಬರು ಏನಾದರೂ ಕಲಿಯುವುದು ಸಾಧ್ಯ.

ನಾನು ಮೊದಲು ಕರೆ ಮಾಡಿದ್ದು ಗುಂಪಿನ ಅಡ್ಮಿನ್‌ಗೆ. ‘ಸರ್, ಮೇಷ್ಟ್ರ ಮನೆ ವಾರಪೂರ್ತಿ ಖಾಲಿಯಿರುತ್ತದೆ ಎಂದು ನೂರಕ್ಕೂ ಹೆಚ್ಚು ಜನಕ್ಕೆ ಸಾರಿದಂತಾಯಿತಲ್ಲ, ದಯವಿಟ್ಟು ತೆಗೆಯಿರಿ’ ಎಂದೆ. ಅವರು ಬೆಲೆಯ ಸಾಲನ್ನಷ್ಟೇ ಓದಿದ್ದರಂತೆ. ಆಸ್ಪತ್ರೆಯ ಮಾತು ಗಮನಕ್ಕೇ ಬಂದಿರಲಿಲ್ಲ. ತಕ್ಷಣ ಅಳಿಸಿದರು. ಅಷ್ಟರಲ್ಲಿ ಆ ಚಿತ್ರ ಇನ್ನೆರಡು ಗುಂಪುಗಳಿಗೆ ಹೋಗಿತ್ತು. ಅಲ್ಲಿನ ಅಡ್ಮಿನ್‌ಗಳು ಯಾರೆಂದು ನನಗೆ ತಿಳಿದಿರಲಿಲ್ಲ.

ಆಮೇಲೆ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರ ಧ್ವನಿಯಲ್ಲೇ ಗೊತ್ತಾಯಿತು, ವಿಷಯ ಮುಟ್ಟಿದೆ ಎಂದು. ಲಕೋಟೆಗಳಿಗೆ ತೀರ ಕಡಿಮೆ ಬೆಲೆ ಕೇಳಿ ಕರೆಗಳು ಆಗಲೇ ಬಂದಿದ್ದವು. ಅವರಿಗೆ ಅದರ ನೋವು ಅಷ್ಟಿರಲಿಲ್ಲ. ‘ಮಗಳಿಗೆ ನಾವು ಹೇಳಿರಲಿಲ್ಲ ಅಮ್ಮ’ ಎಂದರು. ಮಗಳು ದೂರದ ಊರಿನಲ್ಲಿದ್ದಳು, ಬಸುರಿ. ಶಸ್ತ್ರಚಿಕಿತ್ಸೆ ಮುಗಿದು ತಾಯಿ ಎದ್ದು ಕುಳಿತ ಮೇಲೆ ತಾನೇ ಬಾಯಾರೆ ಹೇಳಬೇಕೆಂದು ತಾಯಿಯೇ ತೀರ್ಮಾನಿಸಿದ್ದರು. ಗುಂಪಿನಲ್ಲಿ ಚಿತ್ರ ನೋಡಿದ ಪರಿಚಿತರೊಬ್ಬರು ಒಳ್ಳೆಯ ಮನಸ್ಸಿನಿಂದಲೇ ಆ ಹುಡುಗಿಗೆ ‘ಅಮ್ಮ ಹೇಗಿದ್ದಾರೆ’ ಎಂದು ಕೇಳಿಬಿಟ್ಟಿದ್ದರು. ಆಕೆ ಅಪ್ಪನಿಗೆ ಫೋನ್ ಮಾಡಿ ಅತ್ತಿದ್ದಳು.

ಬೆಲೆಯಲ್ಲಾದ ನಷ್ಟವನ್ನು ಹೇಗೋ ತುಂಬಿಕೊಳ್ಳಬಹುದು. ಮಗಳಿಗೆ ಯಾವಾಗ, ಯಾವ ಮಾತಿನಲ್ಲಿ ಹೇಳಬೇಕೆಂಬುದು ಆ ತಾಯಿಯ ಹಕ್ಕಾಗಿತ್ತು. ಅದನ್ನು ಆಕೆಗೆ ಯಾರು ಹಿಂದಿರುಗಿಸುತ್ತಾರೆ?

ಮಧ್ಯಾಹ್ನ ನಾನು ಚಿತ್ರ ಹಾಕಿದವರಿಗೇ ಫೋನ್ ಮಾಡಿದೆ. ಅವರು ಜಗಳಕ್ಕೇನೂ ಬರಲಿಲ್ಲ. ‘ಮೇಡಂ, ಅವರು ಕಳಿಸಿದ್ದು ನನಗೆ. ಇರುವುದು ನನ್ನ ಫೋನಿನಲ್ಲಿ. ನನ್ನ ಹತ್ತಿರ ಇರುವುದನ್ನು ನಾನು ತೋರಿಸಿದೆ. ಸುಳ್ಳೇನೂ ಹೇಳಿಲ್ಲವಲ್ಲ?’ ಎಂದರು. ಈ ವಾದವನ್ನು ಬೇರೆ ಯಾರಾದರೂ ಮಾಡಿದ್ದರೆ ಸುಮ್ಮನಾಗುತ್ತಿದ್ದೆನೇನೋ. ಹಳೆಯ ಕಾಗದಗಳನ್ನೇ ಕೊಂಡು ಮಾರುವ ಮನುಷ್ಯ ಹಾಗೆ ಹೇಳಿದ್ದನ್ನು ನಾನು ಒಪ್ಪಲಾರೆ. ಈ ತಕರಾರು ಇಂಗ್ಲೆಂಡಿನಲ್ಲಿ 1741ರಲ್ಲೇ ಇತ್ಯರ್ಥವಾಗಿದೆ. ಕವಿ ಅಲೆಕ್ಸಾಂಡರ್ ಪೋಪ್ ಬರೆದ ಖಾಸಗಿ ಪತ್ರಗಳನ್ನು ಎಡ್ಮಂಡ್ ಕರ್ಲ್ ಎಂಬ ಪುಸ್ತಕ ವ್ಯಾಪಾರಿ ಅಚ್ಚು ಹಾಕಿದಾಗ ಪೋಪ್ ನ್ಯಾಯಾಲಯಕ್ಕೆ ಹೋದರು. ಪತ್ರ ಪಡೆದವರಿಗೆ ಸೇರುವುದು ಕಾಗದ ಮಾತ್ರ, ಅದರಲ್ಲಿರುವುದನ್ನು ಲೋಕಕ್ಕೆ ಪ್ರಕಟಿಸುವ ಅಪ್ಪಣೆ ಅದರೊಡನೆ ಬರುವುದಿಲ್ಲ ಎಂದು ಲಾರ್ಡ್ ಹಾರ್ಡ್‌ವಿಕ್ ತೀರ್ಪು ಕೊಟ್ಟರು. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರವೂ ಪತ್ರದ ಬರಹದ ಹಕ್ಕು ಬರೆದವರದು. ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ‘ಅದು ಕವಿಗಳ ವಿಷಯ’ ಎಂದು ಅವರು ಮಾತು ಮುಗಿಸಿದರು.

ಸಂಜೆ ಮೇಷ್ಟ್ರ ಮನೆಗೆ ಹೋದೆ. ಅವರ ಪತ್ನಿ ಒಳಕೋಣೆಯಲ್ಲಿ ಮಗಳೊಂದಿಗೆ ಫೋನಿನಲ್ಲಿದ್ದರು. ನಾವಿಬ್ಬರೂ ಆಲ್ಬಮ್‌ಗಳನ್ನು ಪೆಟ್ಟಿಗೆಗೆ ತುಂಬತೊಡಗಿದೆವು. ಮನೆ ಖಾಲಿಯಿರುವಷ್ಟು ದಿನ ಅವು ಬ್ಯಾಂಕ್ ಲಾಕರಿನಲ್ಲಿರಲಿ ಎಂದು ಮಾತಾಗಿತ್ತು. ತುಂಬುವಾಗ ಎರಡನೆಯ ಮಹಾಯುದ್ಧದ ಕಾಲದ ಲಕೋಟೆಗಳ ಪುಟ ಬಂತು. ಸೆನ್ಸಾರಿನವರು ಅಂಚು ಕತ್ತರಿಸಿ ಕಾಗದ ತೆಗೆದು ಓದಿ, ಪರೀಕ್ಷಕರು ತೆರೆದಿದ್ದಾರೆ ಎಂಬ ಇಂಗ್ಲಿಷ್ ಚೀಟಿಯನ್ನು ಅದೇ ಅಂಚಿಗೆ ಅಂಟಿಸಿ ಕಳುಹಿಸಿದಂಥವು. ಇಂಥವನ್ನು ನಾವು ಹೆಚ್ಚು ಹಣ ಕೊಟ್ಟು ಕೊಳ್ಳುತ್ತೇವೆ. ಮೇಷ್ಟ್ರು ಒಂದನ್ನು ಕೈಯಲ್ಲಿ ಹಿಡಿದು, ‘ಇವರು ಓದಿದರು, ಆದರೆ ಓದಿದ್ದೇವೆ ಅಂತ ಮೇಲೆ ಚೀಟಿಯನ್ನಾದರೂ ಅಂಟಿಸಿದರು’ ಎಂದರು. ಆಮೇಲೆ 1986ರ ಮಾತು ತೆಗೆದರು. ಕಾಗದ ತಡೆದು ತೆರೆಯುವ ಸರ್ಕಾರದ ಅಧಿಕಾರವನ್ನು ವಿಸ್ತರಿಸುವ ಅಂಚೆ ತಿದ್ದುಪಡಿ ಮಸೂದೆಗೆ ಸಂಸತ್ತಿನ ಎರಡೂ ಸದನಗಳು ಒಪ್ಪಿಗೆ ಕೊಟ್ಟ ಮೇಲೂ ರಾಷ್ಟ್ರಪತಿ ಜೈಲ್ ಸಿಂಗ್ ಅಂಕಿತ ಹಾಕದೆ ಇಟ್ಟುಕೊಂಡರು. ಆಗ ದೇಶವೇ ಅದನ್ನು ಚರ್ಚಿಸಿತ್ತು ಎಂದು ನೆನಪಿಸಿಕೊಂಡರು. ಸರ್ಕಾರ ತೆರೆದರೆ ಅಷ್ಟು ಗದ್ದಲ; ಸ್ನೇಹಿತರು ತೆರೆದರೆ?

ಸ್ನೇಹಿತರ ವಿಷಯದಲ್ಲಿ ಕಾನೂನು ಹೆಚ್ಚು ಮಾತನಾಡುವುದಿಲ್ಲ. ಗುಂಪಿನಲ್ಲಿರುವ ವಕೀಲರೊಬ್ಬರನ್ನು ಮರುದಿನ ಕೇಳಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಇಳಿವಯಸ್ಸಿನಲ್ಲಿ ಅಷ್ಟು ದೊಡ್ಡ ಹೋರಾಟಕ್ಕಿಳಿದವರು ನಮ್ಮ ನಾಡಿನವರೆಂಬ ಹೆಮ್ಮೆ ನನಗಿದೆ. ಆದರೆ ಆ ಹಕ್ಕು ಮುಖ್ಯವಾಗಿ ನಿಲ್ಲುವುದು ಪ್ರಭುತ್ವದ ಎದುರು. 2023ರ ದತ್ತಾಂಶ ಸಂರಕ್ಷಣಾ ಕಾಯಿದೆ, ವ್ಯಕ್ತಿಯೊಬ್ಬ ತನ್ನ ಸ್ವಂತದ ಅಥವಾ ಮನೆಯ ಉದ್ದೇಶಕ್ಕೆ ಬಳಸುವ ಮಾಹಿತಿಯನ್ನು ಹೊರಗಿಟ್ಟಿದೆ. ವಾಟ್ಸ್‌ಆ್ಯಪ್ 2016ರಿಂದ ಸಂದೇಶಗಳಿಗೆ ಎನ್‌ಕ್ರಿಪ್ಷನ್ ಅಳವಡಿಸಿದೆ, ದಾರಿಯಲ್ಲಿ ಯಾರೂ ಅವನ್ನು ಓದಲಾರರು. ತಲುಪಿದ ಮೇಲೆ ಆ ಬೀಗದಿಂದ ಪ್ರಯೋಜನವಿಲ್ಲ. ಒಮ್ಮೆ ನೋಡಿದ ಮೇಲೆ ಮರೆಯಾಗುವ ಚಿತ್ರವನ್ನೂ ಇನ್ನೊಂದು ಫೋನ್ ಹಿಡಿದು ತೆಗೆದುಕೊಳ್ಳಬಹುದು. ಕೊನೆಗೆ ಎಲ್ಲವೂ ಪಡೆದವರ ಮರ್ಯಾದೆಯನ್ನೇ ಅವಲಂಬಿಸಿದೆ.

ಇದನ್ನು ಬರೆಯುವಾಗ ನಮ್ಮ ಹವ್ಯಾಸದ ಇನ್ನೊಂದು ಮುಖವನ್ನು ಬಿಟ್ಟರೆ ಪ್ರಾಮಾಣಿಕತೆಯಾಗದು. ನಾವು ಕೊಳ್ಳುವ ಲಕೋಟೆಗಳೊಳಗೆ ಎಷ್ಟೋ ಸಲ ಕಾಗದ ಹಾಗೆಯೇ ಉಳಿದಿರುತ್ತದೆ. ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಆರಂಭವಾಗಿ ಸಾಲದ ತಗಾದೆಗೆ ಬಂದು ನಿಲ್ಲುವ ಕಾಗದ, ಹೆಣ್ಣು ನೋಡಿಹೋದವರು ಒಪ್ಪಲಿಲ್ಲವೆಂಬ ಕಾಗದ, ತವರಿಗೆ ಒಮ್ಮೆ ಕರೆಸಿಕೊಳ್ಳಿ ಎಂದು ಬೇಡುವ ಸೊಸೆಯ ಕಾಗದ. ಬರೆದವರು ಇಲ್ಲ, ಓದಿದವರೂ ಇಲ್ಲ. ಮೊಮ್ಮಕ್ಕಳು ಎಲ್ಲೋ ಇದ್ದಾರೆ. ನಮ್ಮ ಹಿರಿಯರಿಗೆ ಈ ವಿಷಯದಲ್ಲಿ ಒಂದು ರೀತಿ ಇತ್ತು. ಸಾವಿನ ಸುದ್ದಿಯ ಕಾರ್ಡನ್ನು ಓದಿದ ಕೂಡಲೇ ಹರಿದುಹಾಕುತ್ತಿದ್ದರು, ಮದುವೆಯ ಕಾಗದವನ್ನು ಅರಿಶಿನ ಹಚ್ಚಿದ ಮೂಲೆಯೊಂದಿಗೆ ಎತ್ತಿಡುತ್ತಿದ್ದರು. ಉಳಿದವು ಪೆಟ್ಟಿಗೆಯಲ್ಲಿದ್ದು ಗುಜರಿಗೆ ಬಂದವು.

ಮೇಷ್ಟ್ರ ಪದ್ಧತಿಯನ್ನು ನಾನು ಮೊದಲಿನಿಂದ ನೋಡಿದ್ದೇನೆ. ಪ್ರದರ್ಶನಕ್ಕೆ ಇಡುವುದು ವಿಳಾಸ ಮತ್ತು ಮುದ್ರೆಯಿರುವ ಹೊರಮೈಯನ್ನು ಮಾತ್ರ. ದರವನ್ನೋ ದಾರಿಯನ್ನೋ ತಿಳಿಯಲು ಒಳಗಿನ ಕಾಗದವನ್ನು ಓದಬೇಕಾಗಿ ಬಂದರೆ ಓದುತ್ತಾರೆ, ಬೇಕಾದ ತಾರೀಖನ್ನು ಬರೆದುಕೊಂಡು ಮಡಚಿ ಒಳಗಿಡುತ್ತಾರೆ. ಮನೆಮಾತನ್ನು ಯಾರ ಮುಂದೆಯೂ ಆಡಿದ್ದಿಲ್ಲ. ಒಮ್ಮೆ ಒಂದು ಲಕೋಟೆಯಲ್ಲಿ ಸಿಕ್ಕ ಕಾಗದದಿಂದ ಆ ಕುಟುಂಬ ಇಂಥದೇ ಊರಿನದೆಂದು ತಿಳಿದು, ಹುಡುಕಿಕೊಂಡು ಹೋಗಿ ಕಾಗದವನ್ನು ಅವರಿಗೇ ಕೊಟ್ಟು, ಲಕೋಟೆಯನ್ನಷ್ಟೇ ತಾವಿಟ್ಟುಕೊಂಡು ಬಂದಿದ್ದರು. ಸತ್ತವರ ಮಾತನ್ನು ಇಷ್ಟು ಕಾಪಾಡಿದವರ ಮಾತನ್ನೇ, ಅವರು ಬದುಕಿರುವಾಗ, ಹೀಗೆ ಬೀದಿಗೆ ಹಾಕಿದರು.

ಮುಂದಿನ ತಿಂಗಳ ಸಭೆಯಲ್ಲಿ ನಾನು ಎದ್ದುನಿಂತು ಒಂದು ನಿಯಮ ಸೂಚಿಸಿದೆ: ಇಬ್ಬರ ನಡುವಿನ ಸಂದೇಶವನ್ನು ಬರೆದವರ ಒಪ್ಪಿಗೆ ಇಲ್ಲದೆ ಯಾರೂ ಗುಂಪಿನಲ್ಲಿ ಹಾಕಬಾರದು. ಸುಲಭವಾಗಿ ಒಪ್ಪಿಗೆ ಸಿಗಲಿಲ್ಲ. ಯುವ ಸಂಗ್ರಾಹಕನೊಬ್ಬ ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು. ಹಣ ಪಡೆದು ವಸ್ತು ಕಳಿಸದವರು, ನಕಲಿಯನ್ನು ಅಸಲಿಯೆಂದು ಮಾರುವವರು ಸಿಕ್ಕಿಬೀಳುವುದೇ ಇಂಥ ಸ್ಕ್ರೀನ್‌ಶಾಟುಗಳಿಂದ. ನಿಯಮ ಮೋಸಗಾರರಿಗೆ ಮರೆಯಾಗುವುದಿಲ್ಲವೇ? ಅವನು ಸ್ವತಃ ಹಾಗೆ ಹಣ ಕಳೆದುಕೊಂಡಿದ್ದ. ಬಹಳ ಹೊತ್ತು ಚರ್ಚೆಯಾಯಿತು. ಮೋಸವಾದವರು ಸಂದೇಶಗಳನ್ನು ಮೊದಲು ಮೂವರು ಹಿರಿಯರಿಗೆ ತೋರಿಸಬೇಕು, ಅವರು ಎದುರಿನವರನ್ನೂ ವಿಚಾರಿಸಬೇಕು, ನಿಜವೆಂದು ಕಂಡರೆ ವ್ಯವಹಾರಕ್ಕೆ ಸಂಬಂಧಿಸಿದ ಭಾಗವನ್ನು ಮಾತ್ರ ಎಲ್ಲರಿಗೂ ತಿಳಿಸಬೇಕು ಎಂದಾಯಿತು. ಕೆಲವರು ಕೈ ಎತ್ತಲಿಲ್ಲ, ಆದರೂ ನಿಯಮ ಉಳಿಯಿತು. ನನ್ನ ಮೊದಲ ಸೂಚನೆಗಿಂತ ಇದು ಒಳ್ಳೆಯದೆಂದು ಈಗಲೂ ನನ್ನ ಅಭಿಪ್ರಾಯ.

ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು. ಮಗಳು ಪಟ್ಟು ಹಿಡಿದು ಹಣ ಕಳುಹಿಸಿದ್ದರಿಂದ ಮೇಷ್ಟ್ರು ಲಕೋಟೆಗಳನ್ನು ಮಾರಲಿಲ್ಲ. ಗುಂಪಿನಿಂದ ಅವರು ಹೊರಬಂದಿದ್ದಾರೆ. ಎಷ್ಟು ಕರೆದರೂ ಮತ್ತೆ ಸೇರಿಲ್ಲ. ಠಸ್ಸೆಗಳ ಬಗ್ಗೆ ಅನುಮಾನವಿದ್ದ ಹುಡುಗರಿಗೆ ರಾತ್ರಿ ಹತ್ತರವರೆಗೂ ಉತ್ತರ ಬರೆಯುತ್ತಿದ್ದವರು ಈಗ ಮನೆಗೆ ಬಂದವರಿಗೆ ಮಾತ್ರ ಹೇಳಿಕೊಡುತ್ತಾರೆ. ಈ ಬರಹದ ಕರಡನ್ನು ಓದಿದಾಗ ಕಾಯಿಲೆಯ ಹೆಸರಿದ್ದ ಸಾಲನ್ನು ಹೊಡೆದುಹಾಕಿ ಉಳಿದದ್ದಕ್ಕೆ ಒಪ್ಪಿಗೆ ಕೊಟ್ಟರು.

ಚಿತ್ರ ಹಾಕಿದವರು ಗುಂಪಿನಲ್ಲಿಯೇ ಇದ್ದಾರೆ. ಮೇಷ್ಟ್ರಿಗೆ ಒಂದು ಫೋನ್ ಕೂಡ ಮಾಡಿಲ್ಲ. ಅವರ ಬಳಿ ನಾನು ಬಹಳ ದಿನಗಳಿಂದ ಹುಡುಕುತ್ತಿರುವ ಒಂದು ಲಕೋಟೆ ಇದೆ, ಕೊಡಲೂ ಸಿದ್ಧರಿದ್ದಾರೆ. ಮೇಷ್ಟ್ರ ಮನೆಗೆ ಹೋಗಿ ಅವರ ಪತ್ನಿಯ ಎದುರು ಕ್ಷಮೆ ಕೇಳುವವರೆಗೆ ಅವರೊಂದಿಗೆ ಯಾವ ವ್ಯವಹಾರವನ್ನೂ ಮಾಡುವುದಿಲ್ಲವೆಂದು ಅವರಿಗೆ, ಅವರೊಬ್ಬರಿಗೇ, ಬರೆದು ತಿಳಿಸಿದ್ದೇನೆ.