ಮೆಟ್ಟಿಲು ಹತ್ತುವಾಗ ಹೊಳೆದದ್ದು

ಇವತ್ತು ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆ. ತಲೆಯಲ್ಲಿ ಮಾತ್ರ ನಿನ್ನೆ ರಾತ್ರಿಯ ಲ್ಯಾಬ್ ಟೆಸ್ಟೇ ಓಡುತ್ತಿತ್ತು: ನೇರ ಸಿಸ್ಟಂ ಕಾಲ್ ಮಾಡಿ ಭದ್ರತಾ ಸಾಫ್ಟ್‌ವೇರ್‌ನ ಕಣ್ಣು ತಪ್ಪಿಸಬಹುದಾ ಅಂತ ನೋಡುವ ಟೆಸ್ಟ್.

ವಿಂಡೋಸ್‌ನಲ್ಲಿ ಒಂದು ಪ್ರೋಗ್ರಾಂ ಕರ್ನೆಲ್ (ಆಪರೇಟಿಂಗ್ ಸಿಸ್ಟಂನ ಒಳತಿರುಳು) ಹತ್ತಿರ ಏನಾದರೂ ಕೇಳಬೇಕಾದರೆ ಸಾಮಾನ್ಯವಾಗಿ ಎನ್‌ಟಿಡಿಎಲ್‌ಎಲ್ (ntdll) ಅನ್ನುವ ವಿಂಡೋಸ್ ಲೈಬ್ರರಿ ಮೂಲಕವೇ ಹೋಗುತ್ತದೆ. ಎಷ್ಟೋ ಇಡಿಆರ್‌ಗಳು (ಕಂಪ್ಯೂಟರ್ ಕಾಯುವ ಭದ್ರತಾ ಸಾಫ್ಟ್‌ವೇರ್‌ಗಳು) ಅಲ್ಲೇ ಹುಕ್ ಹಾಕಿ, ಅಂದರೆ ಹೋಗುವ ಕರೆಗಳನ್ನು ನಡುವೆ ಹಿಡಿದು ನೋಡುತ್ತಾ, ಕಾಯುತ್ತವೆ. ನೇರ ಸಿಸ್ಟಂ ಕಾಲ್ ಅಂದರೆ ಆ ಕಾವಲು ಬಿಟ್ಟು, ಕಾಲ್ ನಂಬರನ್ನು ತಾನೇ ಪ್ರೊಸೆಸರ್‌ನ ರಿಜಿಸ್ಟರ್‌ಗೆ ಹಾಕಿ ಕರ್ನೆಲ್‌ಗೆ ಇಳಿಯುವುದು. ವಿಂಡೋಸ್ ಆವೃತ್ತಿ ಬದಲಾದರೆ ಈ ನಂಬರುಗಳೂ ಬದಲಾಗಬಹುದು, ಅದೊಂದು ತಲೆನೋವು.

ನಮ್ಮದೇ ಲ್ಯಾಬ್, ಅನುಮತಿ ಇರುವ ಟೆಸ್ಟ್. ಹುಕ್‌ಗೆ ಏನೂ ಗೊತ್ತಾಗಲಿಲ್ಲ. ಆದರೂ ಅಲರ್ಟ್ ಬಂತು! ಕಾಲ್ ಸ್ಟ್ಯಾಕ್ (ಯಾವ ಕರೆ ಎಲ್ಲಿಂದ ಬಂತು ಅನ್ನುವ ಜಾಡು) ಬಿಚ್ಚಿ ನೋಡಿದೆ. ಸಿಸ್ಟಂ ಕಾಲ್ ಎನ್‌ಟಿಡಿಎಲ್‌ಎಲ್ ಒಳಗಿಂದ ಬಂದಿರಲಿಲ್ಲ, ನಮ್ಮ ಕೋಡ್‌ನಿಂದಲೇ ಬಂದಿತ್ತು. ಮಾಮೂಲಿ ಪ್ರೋಗ್ರಾಂಗಳು ಹಾಗೆ ಮಾಡುವುದು ತೀರಾ ಕಡಿಮೆ, ಅದೇ ಗುರುತಾಯಿತು. ಇನ್ನು ಹೊಸ ಪ್ರೋಸೆಸ್ ಶುರುವಾದರೆ ಕರ್ನೆಲ್ ಕಾಲ್‌ಬ್ಯಾಕ್‌ಗೆ (ಇಂಥದ್ದು ನಡೆದಾಗ ಕರ್ನೆಲ್ ತಾನೇ ಸುದ್ದಿ ಮುಟ್ಟಿಸುವ ವ್ಯವಸ್ಥೆಗೆ) ಗೊತ್ತಾಗಿಯೇ ಆಗುತ್ತದೆ, ಕಾಲ್ ಯಾವ ಕಡೆಯಿಂದ ಬಂದರೂ.

ರಸ್ತೆಯಲ್ಲಿ ಬಂದವರೂ ಮೆಟ್ಟಿಲು ಹತ್ತಿದವರೂ ಕೊನೆಗೆ ಒಂದೇ ಗುಡಿ ಬಾಗಿಲಿಗೆ ಬರಬೇಕು ಅಲ್ವಾ, ಹಾಗೆ.

ಹುಕ್ ತಪ್ಪಿಸಿದ್ದಕ್ಕಿಂತ ಸಿಕ್ಕಿಬಿದ್ದದ್ದೇ ನನಗೆ ಜಾಸ್ತಿ ಖುಷಿ ಕೊಟ್ಟಿತು. ಟೆಸ್ಟ್ ಮಾಡುವುದೇ ಕಾವಲು ಗಟ್ಟಿಯಾಗಲಿ ಅಂತ. ಸುಮ್ನೆ ಬೈಪಾಸ್ ಆಯ್ತು ಅಂತ ಒಂದು ಸ್ಕ್ರೀನ್‌ಶಾಟ್ ಕೊಟ್ಟರೆ ಡಿಫೆಂಡರ್‌ಗೆ ಏನು ಸಿಗುತ್ತದೆ?

ಸಂಜೆ ಮಂಡ್ಯದಿಂದ ಗೆಳೆಯ ಬರುತ್ತಾನೆ. ಇಬ್ಬರೂ ಕೂತು ಡಿಟೆಕ್ಷನ್ ರೂಲ್ ಬರೆಯುತ್ತೇವೆ.