ಸಾರ ಬಿಚ್ಚಿದ ದಿನ

ಸಾರದಿಂದ ಬಿದ್ದವನು ನಾನೇ. ಎಷ್ಟು ಎತ್ತರದಿಂದ ಅಂತ ಕೇಳಿದರೆ ಹೇಳುವುದಕ್ಕೆ ನಾಚಿಕೆ. ಎರಡು ಮೀಟರ್. ಕಾಸರಗೋಡಿನ ಬದಿಯಡ್ಕದಲ್ಲಿ ನಮ್ಮ ಹಿತ್ತಲಿನ ಪೇರಳೆ ಮರದಿಂದ ನಾನು ಚಿಕ್ಕಂದಿನಲ್ಲಿ ಇದಕ್ಕಿಂತ ಮೇಲಿನಿಂದ ಬಿದ್ದದ್ದುಂಟು. ಆಗ ಮಣ್ಣು ಕೊಡವಿಕೊಂಡು ಎದ್ದು ಹೋಗಿದ್ದೆ. ಈ ಸಲ ಏಳಲಿಕ್ಕಾಗಲಿಲ್ಲ. ಹಿಮ್ಮಡಿಯ ಎಲುಬು ಒಡೆದಿತ್ತು.

ಇದರಲ್ಲಿ ಇನ್ನೊಂದು ನಾಚಿಕೆಯೂ ಉಂಟು. ಗಲ್ಫಿನಲ್ಲಿ ಹನ್ನೊಂದು ವರ್ಷ ನಾನು ಮಾಡಿದ ಕೆಲಸವೇ ಸಾರ ಕಟ್ಟಿಸುವುದು. ಜನ ಬೀಳದ ಹಾಗೆ ನೋಡಿಕೊಳ್ಳುವುದಕ್ಕೇ ನನಗೆ ಸಂಬಳ.

ಸಾರ ಅಂದರೆ ನಮ್ಮ ಕಡೆಯವರಿಗೆ ಗೊತ್ತು. ಗಾರೆ, ಬಣ್ಣ, ಕಲ್ಲು ಕಟ್ಟುವ ಕೆಲಸಕ್ಕೆ ಗೋಡೆಯ ಪಕ್ಕ ನಿಲ್ಲಿಸುವ ತಾತ್ಕಾಲಿಕ ಅಟ್ಟಣಿಗೆ. ಮುಂಚೆ ಅಡಿಕೆ ಮರ, ಬಿದಿರು, ಕತ್ತದ ಹಗ್ಗ ಇದ್ದರೆ ಸಾಕಿತ್ತು. ಈಗ ಕಬ್ಬಿಣದ ಪೈಪ್. ಹೆಚ್ಚಾಗಿ ಕಪ್‌ಲಾಕ್. ನೆಟ್ಟಗೆ ನಿಲ್ಲುವ ಪೈಪಿನಲ್ಲಿ ಅರ್ಧ ಮೀಟರಿಗೆ ಒಂದು ಬಟ್ಟಲು. ಅಡ್ಡ ಪೈಪಿನ ತುದಿಯನ್ನು ಅದರೊಳಗೆ ಕೂರಿಸಿ, ಮೇಲಿನ ಬಟ್ಟಲನ್ನು ಇಳಿಸಿ ಸುತ್ತಿಗೆಯಲ್ಲಿ ಒಂದು ಏಟು ಕೊಟ್ಟರೆ ಬಿಗಿ. ಎರಡು ಮೀಟರಿಗೆ ಒಂದು ಹಂತ, ಅದರ ಮೇಲೆ ಹಲಗೆ. ಹಲಗೆಯಿಂದ ಅರ್ಧ ಮೀಟರಿಗೆ ಒಂದು, ಒಂದು ಮೀಟರಿಗೆ ಇನ್ನೊಂದು ಅಡ್ಡ ಪೈಪ್ ಹಾಕಿದರೆ ಅದೇ ರೇಲಿಂಗ್.

ಗಲ್ಫಿನಲ್ಲಿ ಸಾರಕ್ಕೆ ಟ್ಯಾಗ್ ಕಟ್ಟುತ್ತಿದ್ದೆವು. ಹಸಿರು ಟ್ಯಾಗ್ ಇದ್ದರೆ ಹತ್ತಬಹುದು. ಕೆಂಪು ಇದ್ದರೆ ಯಾರೂ ಹತ್ತಬಾರದು, ಕೆಲಸ ಮುಗಿದಿಲ್ಲ ಅಂತ ಅರ್ಥ. ಎಷ್ಟೋ ವರ್ಷ ಆ ಕೆಂಪು ಟ್ಯಾಗ್ ಕಟ್ಟಿದ ಮೇಲೆ ಒಂದು ದಿನ ತಲೆಯೆತ್ತಿ ನೋಡಿದೆ. ಯಾರೂ ಹತ್ತಬಾರದು ಅಂತ ಬರೆದ ಸಾರದ ಮೇಲೆ ನಾಲ್ಕು ಜನ ಇದ್ದರು. ಇರಲೇಬೇಕಲ್ಲ? ಅವರೇ ಅದನ್ನು ಕಟ್ಟುವವರು. ಬಣ್ಣ ಬಳಿಯುವವನಿಗೆ ರೇಲಿಂಗ್ ಸಿಗುತ್ತದೆ, ಆ ರೇಲಿಂಗ್ ಹಾಕಲು ಮೊದಲು ಹತ್ತಿದವನಿಗೆ ಇಲ್ಲ. ಬಿಚ್ಚುವಾಗಲೂ ಅಷ್ಟೆ. ಕೊನೆಗೆ ಇಳಿಯುವವನು ತನ್ನ ರೇಲಿಂಗನ್ನು ತಾನೇ ತೆಗೆದು ಕೆಳಗೆ ಕೊಟ್ಟಿರುತ್ತಾನೆ.

ಊರಿಗೆ ಬಂದ ಮೇಲೆ ಈ ಕೆಲಸದ ಸಹವಾಸ ಬೇಡ ಅಂತ ಇದ್ದೆ. ಆದರೆ ಭಾವ ಕಂಟ್ರಾಕ್ಟರ್. 2025ರ ಏಪ್ರಿಲ್‌ನಲ್ಲಿ ಕುಂಬಳೆಯ ಹತ್ತಿರ ಒಂದು ಮೂರು ಮಾಳಿಗೆಯ ಕಟ್ಟಡದ ಹೊರಗಿನ ಗಾರೆ, ಬಣ್ಣ ಹಿಡಿದಿದ್ದ. ಮಳೆಗಾಲಕ್ಕೆ ಮೊದಲು ಮುಗಿಯಬೇಕು. "ಸುಮ್ನೆ ಬಂದು ನಿಂತುಕೋ ಭಾವ, ನೀನಿದ್ದರೆ ಧೈರ್ಯ" ಅಂದ. ಹೋದೆ.

ಸಾರ ಕಟ್ಟುವ ಮೇಸ್ತ್ರಿಗೆ ಅರುವತ್ತರ ಹತ್ತಿರ. ತೆಳ್ಳಗೆ, ಕಪ್ಪಗೆ, ಒಂದು ಹಿಡಿ ಜನ. ಹರೆಯದಲ್ಲಿ ಕಾಲಿಗೆ ತಳೆ ಹಾಕಿ ಅಡಿಕೆ ಮರ ಹತ್ತುತ್ತಿದ್ದವರು. ಒಂದು ಮರದ ತುದಿಯಿಂದ ತೂಗಿ ಇನ್ನೊಂದು ಮರಕ್ಕೆ ದಾಟಿ ಮದ್ದು ಬಿಡುತ್ತಿದ್ದರಂತೆ. ಅವರ ಕೈಕೆಳಗೆ ಇಬ್ಬರು ಬಂಗಾಳದ ಹುಡುಗರು. ಕೇರಳ ಸರಕಾರದ ಮಾತಿನಲ್ಲಿ ಅತಿಥಿ ಕಾರ್ಮಿಕರು. ಎತ್ತರದಲ್ಲಿ ರೇಲಿಂಗ್ ಇಲ್ಲದೆ ನಿಲ್ಲುವುದು ಎಂಥ ಆತಿಥ್ಯವೋ.

ನಾನು ಮೊದಲು ಕೇಳಿದ್ದು ಬೆಲ್ಟ್, ಬಿದ್ದರೆ ತಡೆದು ಹಿಡಿಯುವಂಥದ್ದು. ಭಾವ ಹೊಸ ಬೆಲ್ಟ್ ತಂದಿಟ್ಟಿದ್ದ, ಪಾಪ. ಆದರೆ ಬೆಲ್ಟಿನ ಲೆಕ್ಕ ಬೇರೆ. ಎರಡು ಮೀಟರ್ ಹಗ್ಗ, ಜಗ್ಗಿದಾಗ ಬಿಚ್ಚಿಕೊಳ್ಳುವ ಪಟ್ಟಿ ಇನ್ನೂ ಒಂದೂವರೆ ಮೀಟರಿನಷ್ಟು, ಅದರ ಕೆಳಗೆ ತೂಗುವ ಮನುಷ್ಯನ ಉದ್ದ. ಕೊಕ್ಕೆಯನ್ನು ಕಾಲಿನ ಹತ್ತಿರ ಸಿಕ್ಕಿಸಿದರೆ ಕೆಳಗೆ ಆರು ಮೀಟರಿಗಿಂತ ಜಾಸ್ತಿ ಖಾಲಿ ಜಾಗ ಬೇಕು. ಸಾರ ಕಟ್ಟುವವನಿಗೆ ತಲೆಯ ಮೇಲೆ ಕೊಕ್ಕೆ ಹಾಕಲು ಏನಿದೆ? ಮೇಲಿನದ್ದನ್ನು ಅವನು ಇನ್ನೂ ಕಟ್ಟಿಲ್ಲವಲ್ಲ. ಹಾಗಾಗಿ ಕೆಳಗಿನ ಎರಡು ಮೂರು ಹಂತಗಳಲ್ಲಿ ಬೆಲ್ಟ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಇದನ್ನು ಎಲ್ಲರಿಗೂ ವಿವರಿಸಿದವನು ನಾನೇ. ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮಂಗಳೂರಿನಲ್ಲಿ ಪೈಪ್ ಬಾಡಿಗೆಗೆ ಕೊಡುವ ಒಬ್ಬ ಹಳೆಯ ಗೆಳೆಯ ಇದ್ದಾನೆ. ಅವನ ಯಾರ್ಡಿನ ಮೂಲೆಯಲ್ಲಿ ನಾನು ಗಲ್ಫಿನಲ್ಲಿ ನೋಡಿದ್ದ ಸಾಮಾನು ಬಿದ್ದಿತ್ತು. ಅಡ್ವಾನ್ಸ್ ಗಾರ್ಡ್ ರೇಲ್. ಎರಡು ಉದ್ದ ಕಾಲು, ನಡುವೆ ಎರಡು ಅಡ್ಡ ಕಂಬಿ. ಅಡ್ಡ ಕಂಬಿ ಒಂದರೊಳಗೊಂದು ಜಾರುವ ಪೈಪ್, ಬೇಕಾದಷ್ಟು ಎಳೆದು ಪಿನ್ ಹಾಕಬಹುದು. ಯಾರೂ ಕೇಳುವುದಿಲ್ಲ ಅಂತ ಅವನು ಬೇಸರದಲ್ಲೇ ಎಂಟು ಸೆಟ್ ಟೆಂಪೋಗೆ ಹಾಕಿಸಿದ. ದಿನ ಬಾಡಿಗೆ.

"ಇದು ಅಡ್ವಾನ್ಸ್" ಅಂತ ಇಳಿಸುವಾಗ ಹೇಳಿದೆ. ಮೇಸ್ತ್ರಿಯ ಮುಖ ಅರಳಿತು. ದುಡ್ಡಲ್ಲ, ಕಂಬಿ ಅಂತ ಗೊತ್ತಾದ ಮೇಲೆ ಅಷ್ಟೇ ಬೇಗ ಬಾಡಿತು.

"ಎಂತ ಮಾರಾಯ್ರೇ, ತೊಟ್ಟಿಲಿಗಾ?"

ಮಾಡಿ ತೋರಿಸಿದೆ. ಮೊದಲ ಹಂತದ ಹಲಗೆಯ ಮೇಲೆ, ರೇಲಿಂಗಿನೊಳಗೆ ನಿಂತಿದ್ದೇವೆ. ಎರಡನೆಯ ಹಂತಕ್ಕೆ ಹಲಗೆ ಹಾಕಿ ಆಗಿದೆ, ಇನ್ನೂ ಯಾರೂ ಹತ್ತಿಲ್ಲ. ಇಲ್ಲಿಂದಲೇ ಈ ಕಾಲುಗಳನ್ನು ಮೇಲಕ್ಕೆತ್ತಿ ನಿಂತ ಪೈಪಿಗೆ ಸಿಕ್ಕಿಸಿ ಕ್ಲ್ಯಾಂಪ್ ಬಿಗಿದರೆ, ಅಡ್ಡ ಕಂಬಿ ಮೇಲಿನ ಹಲಗೆಗಿಂತ ಒಂದು ಮೀಟರ್ ಎತ್ತರದಲ್ಲಿ ಹೋಗಿ ಕೂರುತ್ತದೆ. ಆಮೇಲೆ ಹತ್ತುವುದು. ಹತ್ತುವಾಗಲೇ ಅಲ್ಲಿ ಬೇಲಿ ಇರುತ್ತದೆ. ಅದರೊಳಗೆ ನಿಂತು ಕಪ್‌ಲಾಕಿನ ಖಾಯಂ ರೇಲಿಂಗ್ ಹಾಕುವುದು. ಅದು ಆದ ಮೇಲೆ ಈ ತಾತ್ಕಾಲಿಕದ್ದನ್ನು ಬಿಚ್ಚಿ ಮುಂದಿನ ಹಂತಕ್ಕೆ ಎತ್ತುವುದು. ಬಿಚ್ಚುವಾಗ ಎಲ್ಲ ಉಲ್ಟಾ. ಮೊದಲು ಕೆಳಗಿನಿಂದ ಇದನ್ನು ಸಿಕ್ಕಿಸಿ, ಮೇಲೆ ಹೋಗಿ ಖಾಯಂ ರೇಲಿಂಗ್ ತೆಗೆದು, ಇಳಿದು ಬಂದು, ಕೊನೆಗೆ ಇದನ್ನು ಕೆಳಗಿನಿಂದಲೇ ಕಳಚುವುದು.

ಮೇಸ್ತ್ರಿ ಬಾಯಲ್ಲಿದ್ದ ಎಲೆಯಡಿಕೆಯನ್ನು ಆ ಕಡೆಯಿಂದ ಈ ಕಡೆಗೆ ತಂದರು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಓ, ದೋಟಿ" ಅಂದರು.

ನನಗೆ ಹೊಳೆದಿರಲಿಲ್ಲ, ನೋಡಿ. ಹನ್ನೊಂದು ವರ್ಷ ಇದನ್ನು ಮಲಯಾಳದಲ್ಲಿ, ಹಿಂದಿಯಲ್ಲಿ, ಅರೆಬರೆ ಇಂಗ್ಲಿಷಿನಲ್ಲಿ ವಿವರಿಸಿ ಬಾಯಿ ಒಣಗಿಸಿಕೊಂಡಿದ್ದೆ. ಈಗ ನಮ್ಮ ತೋಟಗಳಲ್ಲಿ ಕಾರ್ಬನ್ ಫೈಬರಿನ ಉದ್ದ ದೋಟಿ ಬಂದಿದೆ. ಮರ ಹತ್ತುವವರು ಸಿಗುವುದಿಲ್ಲ ಅಂತ ನೆಲದಲ್ಲೇ ನಿಂತು ಅಡಿಕೆ ಕೊಯ್ಯುತ್ತಾರೆ, ಮದ್ದು ಬಿಡುತ್ತಾರೆ. ಮೇಲಿನ ಕೆಲಸವನ್ನು ಕೆಳಗೆ ನಿಂತು ಮಾಡುವುದು. ಅಷ್ಟೆ ವಿಷಯ. ಅಂದಿನಿಂದ ಆ ಸಾಮಾನಿಗೆ ನಮ್ಮ ಸೈಟಿನಲ್ಲಿ ದೋಟಿ ಅಂತಲೇ ಹೆಸರು. ಬಂಗಾಳಿ ಹುಡುಗರೂ "ದೋಟಿ ದೋ" ಅನ್ನತೊಡಗಿದರು.

ಐದು ಹಂತ ಹಾಗೆಯೇ ಏರಿತು. ಮೂಲೆಯಲ್ಲಿ ಮಾತ್ರ ತಾಪತ್ರಯ. ಉದ್ದದ ಗೋಡೆಗೆ ಕಂಬದಿಂದ ಕಂಬಕ್ಕೆ ಎರಡೂವರೆ ಮೀಟರ್ ಇತ್ತು. ಮೆಟ್ಟಿಲಿನ ಕಡೆ ಗೋಡೆ ಒಳಗೆ ಸರಿದಿದ್ದರಿಂದ ಒಂದೂಕಾಲೂ ಇರಲಿಲ್ಲ. ಒಂದೇ ಅಳತೆಯ ಕಂಬಿ ಆಗಿದ್ದರೆ ಅಲ್ಲಿ ಹಗ್ಗ ಕಟ್ಟಿ ಬಿಡುತ್ತಿದ್ದರು, ನನಗೆ ಗೊತ್ತು. ಜಾರುವ ಪೈಪನ್ನು ಒಳಗೆ ತಳ್ಳಿ ಪಿನ್ ಹಾಕಿದಾಗ ಮೇಸ್ತ್ರಿ "ಇದು ಬುದ್ಧಿವಂತರು ಮಾಡಿದ್ದು" ಅಂದರು. ಕಡೆಯ ಹಂತಕ್ಕೆ ಬರುವಾಗ ಒಂದು ಬದಲಾವಣೆ ನೋಡಿದೆ. ಹುಡುಗರು ರೇಲಿಂಗಿಗೆ ಬೆನ್ನು ಕೊಟ್ಟು ನಿಂತು ನೀರು ಕುಡಿಯುತ್ತಿದ್ದರು. ಮೊದಲೆಲ್ಲ ಒಂದು ಕೈ ಯಾವಾಗಲೂ ಪೈಪಿನಲ್ಲಿ ಇರುತ್ತಿತ್ತು. ಈಗ ಎರಡೂ ಕೈ ಕೆಲಸಕ್ಕೆ. ನಾನೂ ಹಾಗೆಯೇ ಒರಗಿ ಫೋನಿನಲ್ಲಿ ಮಾತಾಡುತ್ತಿದ್ದೆ.

ಸಾರ ಎದ್ದು ನಿಂತಿತು. ಗಾರೆಯವರು ಬಂದರು. ಇನ್ನು ಮೂರು ವಾರ ದೋಟಿಗೆ ಕೆಲಸವಿಲ್ಲ. ಬಾಡಿಗೆ ಮಾತ್ರ ಓಡುತ್ತಿತ್ತು. ಭಾವ ಒಂದು ಸಂಜೆ ಚಾಯ ಕುಡಿಯುವಾಗ ಲೆಕ್ಕ ತೆಗೆದ. "ವಾಪಸ್ ಕೊಟ್ಟು ಬಿಡುವ, ಬಿಚ್ಚುವಾಗ ಮತ್ತೆ ತಂದರಾಯಿತು." ನ್ಯಾಯವಾದ ಮಾತೇ. ನಾನೇ ಟೆಂಪೋ ಕರೆಸಿ ಕಳಿಸಿದೆ.

ಮತ್ತೆ ತರಲಿಲ್ಲ. ಆ ವರ್ಷ ಮಳೆ ಯಾರ ಲೆಕ್ಕವನ್ನೂ ಕೇಳಲಿಲ್ಲ. ಜೂನ್ 1ಕ್ಕೆ ಬರಬೇಕಾದದ್ದು ಮೇ 20 ದಾಟುವಾಗಲೇ ಕರಾವಳಿಯಲ್ಲಿ ಸುರಿಯತೊಡಗಿತು. ಬಣ್ಣ ಹೇಗೋ ಮುಗಿದಿತ್ತು. ಭಾವನಿಗೆ ಪೈಪ್ ಬೇರೆ ಸೈಟಿಗೆ ಹೋಗಬೇಕು. ಮಂಗಳೂರಿನಿಂದ ಟೆಂಪೋ ಬರಲು ಒಂದು ದಿನ. "ಬಿಚ್ಚಲಿಕ್ಕೆ ಎಂತಕ್ಕೆ ದೋಟಿ?" ಅಂತ ಭಾವ ಕೇಳಿದ. ಮೇಸ್ತ್ರಿ ನನ್ನ ಮುಖ ನೋಡಿದರು. ನಾನು "ಜಾಗ್ರತೆ ಮಾಡಿ ಬಿಚ್ಚುವ" ಅಂದೆ.

ಜಾಗ್ರತೆ ಅನ್ನುವುದು ಒಂದು ಸಾಮಾನು ಅಲ್ಲ, ಅದನ್ನು ಪೈಪಿಗೆ ಬಿಗಿಯಲಾಗುವುದಿಲ್ಲ ಅಂತ ಗಲ್ಫಿನಲ್ಲಿ ಹುಡುಗರಿಗೆ ಬೈಯುತ್ತಿದ್ದವನು ನಾನು.

ಮೇ 23. ಬೆಳಿಗ್ಗೆ ಸ್ವಲ್ಪ ಬಿಟ್ಟಿತ್ತು. ಮೇಲಿನ ನಾಲ್ಕು ಹಂತ ಹೆದರಿ ಹೆದರಿ ಬಿಚ್ಚಿದರು. ಒಂದೊಂದೇ ಪೈಪ್, ಕೈಯಿಂದ ಕೈಗೆ. ಗೋಡೆಗೆ ಕಟ್ಟಿದ ಕಟ್ಟನ್ನು ಕೊನೆಯವರೆಗೆ ಬಿಚ್ಚಬೇಡಿ ಅಂತ ನಾನು ಕೆಳಗಿನಿಂದ ಕೂಗುತ್ತಿದ್ದೆ. ಏನೂ ಆಗಲಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಉಳಿದದ್ದು ತಳದ ಹಂತ ಒಂದೇ. ಎಲ್ಲರ ಮೈ ಸಡಿಲಾಯಿತು. ಹನಿ ಶುರುವಾಯಿತು. ಬೇಗ ಆಗಲಿ ಅಂತ ನಾನೂ ಹತ್ತಿದೆ. ಬೆಲ್ಟ್ ಹಾಕಿಕೊಂಡೇ ಹತ್ತಿದೆ, ಕೊಕ್ಕೆಯನ್ನು ಕಾಲಿನ ಹತ್ತಿರದ ಪೈಪಿಗೆ ಸಿಕ್ಕಿಸಿದೆ. ಅಭ್ಯಾಸ.

ಒಬ್ಬ ಹುಡುಗ ಆಗಷ್ಟೇ ಹೊರಗಿನ ರೇಲಿಂಗ್ ಎರಡನ್ನೂ ತೆಗೆದು ಕೆಳಗೆ ಕೊಟ್ಟಿದ್ದ. ನಾನೇ ನೋಡಿದ್ದೆ. ಇನ್ನೊಬ್ಬ ಹಲಗೆ ಎತ್ತಿ ನನ್ನ ಕಡೆ ಚಾಚಿದ. ನಾನು ಅದನ್ನು ಹಿಡಿದು, ಭಾರಕ್ಕೆ ಒಂದು ಆಸರೆ ಇರಲಿ ಅಂತ ಹಿಂದಕ್ಕೆ ಒರಗಿದೆ.

ಒರಗಲು ಏನೂ ಇರಲಿಲ್ಲ.

ಜಾರಲಿಲ್ಲ, ಎಡವಲಿಲ್ಲ, ಹಲಗೆ ಮುರಿಯಲಿಲ್ಲ. ಏಪ್ರಿಲಿನಲ್ಲಿ ನನ್ನ ಬೆನ್ನಿಗೆ ರೇಲಿಂಗ್ ಅಭ್ಯಾಸವಾಗಿತ್ತು, ಅಷ್ಟೆ. ಕಣ್ಣಿಗೆ ಗೊತ್ತಿದ್ದದ್ದು ಬೆನ್ನಿಗೆ ಗೊತ್ತಿರಲಿಲ್ಲ. ಬೆಲ್ಟಿನ ಹಗ್ಗ ಬಿಗಿಯಾಗುವ ಮೊದಲೇ ನೆಲ ಬಂತು.

ಆಸ್ಪತ್ರೆಯಲ್ಲಿ ಎಕ್ಸ್‌ರೇಗೆ ಕಾಯುತ್ತಾ ಮಲಗಿದ್ದಾಗ ಲೆಕ್ಕ ಹಾಕಿದೆ. ಬೇರೆ ಕೆಲಸ ಇರಲಿಲ್ಲ. ಎರಡು ಮೀಟರ್ ಬೀಳಲು ಮುಕ್ಕಾಲು ಸೆಕೆಂಡೂ ಬೇಡ. ನೆಲ ಮುಟ್ಟುವಾಗ ಗಂಟೆಗೆ 22 ಕಿಲೋಮೀಟರ್ ವೇಗ. ಸೈಕಲ್ ಜೋರಾಗಿ ಹೋಗಿ ಗೋಡೆಗೆ ಗುದ್ದಿದ ಹಾಗೆ. ಬೆಳಿಗ್ಗೆ ಹುಡುಗರು ನಿಂತಿದ್ದ ಹತ್ತು ಮೀಟರಿನಿಂದ ಆದರೆ ಒಂದೂವರೆ ಸೆಕೆಂಡ್, 50 ಕಿಲೋಮೀಟರ್. ಅಲ್ಲಿಗೆ ಲೆಕ್ಕ ನಿಲ್ಲಿಸಿದೆ.

ಮರುದಿನ ವಾರ್ಡಿನ ಟಿವಿಯಲ್ಲಿ ಕೇರಳಕ್ಕೆ ಮುಂಗಾರು ಬಂತು ಅಂತ ಹೇಳಿದರು. ವಾಡಿಕೆಗಿಂತ ಎಂಟು ದಿನ ಮುಂಚೆ. ನಮಗೆ ಅದಕ್ಕೂ ಒಂದು ದಿನ ಮುಂಚೆ ಬಂದಿತ್ತು.

ಕಾಲಿಗೆ ಪ್ಲಾಸ್ಟರ್ ಹಾಕಿ ಮನೆಯಲ್ಲಿ ಕೂತಾಗ ಹಳೆಯ ಟ್ರೈನಿಂಗ್ ಪುಸ್ತಕಗಳನ್ನು ತೆಗೆದೆ. ಬ್ರಿಟನ್ನಿನಲ್ಲಿ 2005ರ ನಿಯಮದಲ್ಲೇ ಮೇಲಿನ ಕಂಬಿ ಕನಿಷ್ಠ 950 ಮಿಲಿಮೀಟರ್ ಎತ್ತರದಲ್ಲಿ ಇರಬೇಕು, ನಡುವಿನ ಸಂದು 470 ಮೀರಬಾರದು ಅಂತ ಇದೆ. ಜಪಾನಿನವರು ಇನ್ನೂ ಹಿಂದೆ, 2003ರಲ್ಲೇ, ಕೈಕಂಬಿ ಮೊದಲು ಆಮೇಲೆ ಹಲಗೆ ಅನ್ನುವ ಕ್ರಮಕ್ಕೆ ಸರಕಾರದಿಂದಲೇ ಮಾರ್ಗಸೂಚಿ ತಂದಿದ್ದಾರೆ. ಅದರಲ್ಲಿ ಕಟ್ಟುವುದು, ಬಿಚ್ಚುವುದು ಎರಡೂ ಉಂಟು. ಇದೆಲ್ಲ ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಟೆಂಪೋ ಕಳಿಸಿದ್ದೆ. ಬಿಚ್ಚುವುದನ್ನು ನಾವು ಯಾರೂ ಕೆಲಸ ಅಂತ ಎಣಿಸುವುದೇ ಇಲ್ಲ ಅನಿಸುತ್ತದೆ. ಕೂಲಿಯ ಲೆಕ್ಕದಲ್ಲೂ ಕಟ್ಟಲು ಮೂರು ದಿನ, ಬಿಚ್ಚಲು ಒಂದು.

ಮೇಸ್ತ್ರಿ ಒಂದು ಭಾನುವಾರ ಎರಡು ಸೀಯಾಳ ಹಿಡಿದುಕೊಂಡು ಬಂದರು. ಕಾಲು ನೋಡಿದರು. ಬಿದ್ದದ್ದರ ಸುದ್ದಿ ಎತ್ತಲಿಲ್ಲ. ತಾವು ಹಿಂದೊಮ್ಮೆ ಅಡಿಕೆ ಮರದಿಂದ ಬಿದ್ದು ಆರು ತಿಂಗಳು ಮಲಗಿದ್ದ ಕತೆ ಹೇಳಿದರು. ಅಷ್ಟು ದಿನ ಜೊತೆಗಿದ್ದಾಗ ಅದನ್ನು ಒಮ್ಮೆಯೂ ಹೇಳಿರಲಿಲ್ಲ. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಕೇಳಿದರು.

"ಮಳೆ ಬಿಟ್ಟ ಮೇಲೆ ಉಪ್ಪಳದಲ್ಲಿ ಒಂದು ಕೆಲಸ ಉಂಟು. ಆ ದೋಟಿಗೆ ದಿನಕ್ಕೆ ಬಾಡಿಗೆ ಎಷ್ಟು?"

ಹೇಳಿದೆ.

"ಬಿಚ್ಚಿ ಆಗುವವರೆಗೆ ಇಟ್ಟುಕೊಂಡರೆ ನಡುವಿನ ದಿನಕ್ಕೆ ಅರ್ಧ ಮಾಡ್ತಾರಾ ಕೇಳಿ ನೋಡಿ."

ಗೆಳೆಯನಿಗೆ ಆಗಲೇ ಫೋನ್ ಮಾಡಿದೆ. ಅರ್ಧ ಆಗುವುದಿಲ್ಲವಂತೆ, ಮುಕ್ಕಾಲು ಮಾಡುತ್ತಾನಂತೆ.